ಎರಡಂಗುಲ ಗಿಡ್ಡ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ,
ಕೀತ್ಲಿಯ ಈ ಸಾಲುಮನೆಯ ಮುಂಗೋಣೆಯಲ್ಲಿ
ಎರಡೂ ಬಂದು ಒಂದೇ ಪೆಟ್ಟಿಗೆಯ ಮೇಲೆ ಕೂತವು.

ಮೂಲೆಗೆಂದೇ ಮಾಡಿದ ಮುಮ್ಮೂಲೆ ಪೆಟ್ಟಿಗೆ.
ಒಂಟಿ. ಸತ್ತವರ ಮನೆ ಖಾಲಿ ಮಾಡಿಕೊಡುವವನ ಹತ್ತಿರ
ನಲವತ್ತು ಪೌಂಡಿಗೆ ತಂದದ್ದು.
ಅಕ್ರೋಟು ಮರದ ಹೊದಿಕೆ, ನೆತ್ತಿಯ ಮೇಲೆ ಚಹಾ ಬಟ್ಟಲಿನ ಬಳೆ,
ಅಂಚಿನಲ್ಲಿ ಯಾರದೋ ಸಿಗರೇಟು ಮರೆತು ಸುಟ್ಟ ಕಪ್ಪು ಹುಬ್ಬು.
ದನಿ ಮಾತ್ರ, ತಂಬೂರಿಯ ಮಂದ್ರ ಮೀಟಿದರೆ
ಕಿವಿಗಿಂತ ಮೊದಲು ಮೊಣಕಾಲಿಗೆ ಕೇಳುತ್ತದೆ.

ಒಂದಕ್ಕೇ ಸುಮ್ಮನಿದ್ದೆ. ಬಸ್ಸು ಓಡಿಸಿ ಬಂದವನಿಗೆ
ಒಂದು ಮೂಲೆಯಿಂದ ಹಾಡು ಬಂದರೆ ಸಾಕಿತ್ತು.
ವಾರಿಜಳೇ ಹೇಳಿದ್ದು, ರಾತ್ರಿಪಾಳಿಯ ಬೂಟು ಕಳಚುತ್ತ:
"ಆ ಕಡೆ ಮೂಲೆ ಕಿವುಡಾಗಿದೆ ನೋಡು."
ಅಂದಿನಿಂದ ನನಗೆ ಆ ಮೂಲೆಯೇ ಕೇಳಿಸತೊಡಗಿತು.

ಒಳಗಿಡುವ ಹದಿನೈದಿಂಚಿನ ಸ್ಪೀಕರು, ಇದರ ಒಡಹುಟ್ಟು,
ಬ್ರಾಡ್‌ಫರ್ಡಿನ ಹಳೇ ಸಾಮಾನಿನ ರಾಶಿಯಲ್ಲಿ ಸಿಕ್ಕಿತು.
ಕಾಗದದ ಬಾಯಿ ಮೇಲೆ ಮಾಡಿಕೊಂಡು ಮಂಚದ ಕೆಳಗೆ
ಆರು ತಿಂಗಳು ಮನೆಗಾಗಿ ಕಾಯಿತು.

ಕೊಳ್ಳುವುದೋ, ಕಟ್ಟುವುದೋ.
ಸ್ಕಿಪ್ಟನ್ನಿನಲ್ಲೊಬ್ಬನ ಬಳಿ ಇದೇ ರೂಪದ್ದು, ಮುನ್ನೂರೈವತ್ತು,
ನಾವೇ ಹೊತ್ತುಕೊಂಡು ಹೋಗಬೇಕು.
ಪಕ್ಕದ ಮನೆ ನೆವಿಲ್ ಗ್ರೀನ್‌ವುಡ್, ಮಗ್ಗದ ಕಾರ್ಖಾನೆಯಲ್ಲಿ
ನಲವತ್ತು ವರ್ಷ ಮರ ಕೊಯ್ದವನು,
ಹಲಸಿನ ಹಣ್ಣು ನೋಡುವಂತೆ ಗೆಣ್ಣಿಂದ ಬಡಿದು ಆಲಿಸಿ
"ಕೊಂಡುಬಿಡು," ಅಂದ. "ಪೆಟ್ಟಿಗೆ ನಾನು ಮಾಡಿಕೊಡಬಲ್ಲೆ.
ಅರವತ್ತು ವರ್ಷದ ಬಿಸಿಲು ಎಲ್ಲಿಂದ ತರಲಿ,
ಅದೂ ಈ ಊರಲ್ಲಿ?"

ಹೋದೆವು, ಹೆಣ್ಣು ನೋಡಲು ಹೋಗುವ ಹಾಗೆ,
ಒಳ್ಳೆ ಕೋಟು ಹಾಕಿಕೊಂಡು.
ಆತ ಬಿಸ್ಕತ್ತು ಕೊಟ್ಟ. ಹೊದಿಸಿದ್ದ ಚಾದರ ಸರಿಸಿದ.
ಅದೇ ಮುಖ, ಅದೇ ಬಟ್ಟೆಯ ಜಾಲರಿ, ಅದೇ ಗಿಡ್ಡ ಕಾಲು.
ನೆವಿಲ್ ಟೇಪು ಬಿಚ್ಚಿದ. ಮತ್ತೊಮ್ಮೆ ಬಿಚ್ಚಿದ.
ನಮ್ಮದಕ್ಕಿಂತ ಎರಡಂಗುಲ ಎತ್ತರ.

"ಹಾಗಾದರೆ ನಿಮ್ಮದು ಅಸಲಿಯಲ್ಲ," ಅಂದ ಆತ, ಪಾಪ, ಮೆತ್ತಗೆ,
ಬೀಗರಿಗೆ ಹಳೆಯ ಸಂಗತಿಯೊಂದನ್ನು ತಿಳಿಸುವವನ ಹಾಗೆ.
ದಾರಿಯುದ್ದ ಯಾರೂ ಮಾತಾಡಲಿಲ್ಲ.
ಗಾರೆಯಿಲ್ಲದ ಕಲ್ಲುಗೋಡೆಗಳು ಗುಡ್ಡ ಹತ್ತಿದವು, ಇಳಿದವು.

ಮನೆಗೆ ಬಂದು ಬೆನ್ನಹಲಗೆಯ ತಿರುಪು ಬಿಚ್ಚಿದೆ.
ಮೊದಲು ಬಂದದ್ದು ಮರಳು.
ಎರಡು ಹಲಗೆಗಳ ನಡುವೆ, ಅದುರು ನುಂಗಲೆಂದು
ಯಾರೋ ಒಣಗಿಸಿ ಜರಡಿ ಹಿಡಿದು ತುಂಬಿಟ್ಟ ಹೊಳೆಮರಳು
ಸರ್ರನೆ ಇಳಿದು ವಾರಿಜಳ ಜಮಖಾನದ ಮೇಲೆ
ಪುಟ್ಟ ದಿಬ್ಬವಾಯಿತು.
"ಮರುಳು," ಅಂದಳು ಅವಳು. ಮರಳು ಅಂದಳೋ. ನಾನು ಕೇಳಲಿಲ್ಲ.

ಒಳಗೆ, ಚಹಾ ಪೆಟ್ಟಿಗೆ ಒಡೆದು ಮಾಡಿದ ಹಲಗೆ.
ಗರಗಸ ಅರ್ಧ ತಿಂದ ಕಪ್ಪಕ್ಷರ: ತೋಟದ ಹೆಸರು ಹೋಗಿ
ತೂಕವಷ್ಟೇ ಉಳಿದಿದೆ. ಅದರ ಮಗ್ಗುಲಲ್ಲಿ
ಸೀಸದಕಡ್ಡಿಯ ಲೆಕ್ಕ. ಎರಡಂಗುಲದ ಗೋಡೆದಪ್ಪವನ್ನು
ಪುಣ್ಯಾತ್ಮ ಎರಡು ಸಲ ಕಳೆದಿದ್ದಾನೆ.
ಕೊಯ್ದ ಮೇಲೆ ಗೊತ್ತಾಗಿರಬೇಕು. ಕೆಳಗೊಂದು ಬೈಗುಳ,
ದುಂಡಗಿನ ಅಕ್ಷರದಲ್ಲಿ, ಅಡಿಗೆರೆ ಎಳೆದು.

ನೆವಿಲ್ ಕನ್ನಡಕ ಹಣೆಗೇರಿಸಿ ಓದಿದ.
ಬೈಗುಳವನ್ನು ಎರಡು ಸಲ ಓದಿದ.
"ಇದಕ್ಕೆ ಜೋಡಿ ದುಡ್ಡಿಗೆ ಸಿಗುವುದಲ್ಲ," ಅಂದ.

ಈಗ ಶನಿವಾರಗಳಂದು ಅವನ ಶೆಡ್ಡಿನಲ್ಲಿ ಗರಗಸ.
ಮರಳು ಹುರಿಯುವ ಕೆಲಸ ನನ್ನದು, ರವೆ ಹುರಿದ ಹಾಗೆ,
ಘಮವೊಂದು ಬರುವುದಿಲ್ಲ. ಆ ಬಾಣಲೆಯನ್ನು
ಮತ್ತೆ ಅಡುಗೆಮನೆಗೆ ತರಬೇಡ ಎಂದಿದ್ದಾಳೆ.
ಹೊಸ ಹೊದಿಕೆ ಎಷ್ಟು ಎಣ್ಣೆ ಕುಡಿದರೂ
ಕ್ಷೌರದಂಗಡಿಯಿಂದ ಈಗಷ್ಟೇ ಎದ್ದು ಬಂದವನ ಕುತ್ತಿಗೆಯಂತೆ ಬಿಳುಪು.

ನಿನ್ನೆ, ಗೆರೆ ಎಳೆಯುವ ಮುಂಚೆ, ನೆವಿಲ್ ಕೇಳಿದ:
"ಗೋಡೆದಪ್ಪ ಕಳೆದೆಯಾ?"
"ಕಳೆದೆ."
"ಇನ್ನೊಂದು ಸಲ ಕಳೆ."